ಲಾಭ, ಆಮೇಲೆ ಒಂದು

ಈ ಸಲ ಊರಿನಿಂದ ಹೊಸ ಜೋಳದ ಚೀಲ ಬಂದಾಗ ಅತ್ತೆ ಇರಲಿಲ್ಲ. ಅವರ ದಿವಸದ ಕಾರ್ಯ ಮುಗಿಸಿಕೊಂಡು ಲಿಂಗಸುಗೂರಿನ ಕಡೆಯ ನಮ್ಮ ಹಳ್ಳಿಗೆ ವಾಪಸಾದ ಮೈದುನ, ಪ್ರತಿ ವರ್ಷ ಕಳಿಸುವಂತೆ ಈ ವರ್ಷವೂ ಚೀಲ ಕಳಿಸಿದ್ದ. ಒಬ್ಬಳಿಗೆ ಇಷ್ಟು ಜೋಳ ಯಾಕೆ ಎಂದು ಅವನಿಗೂ ಅನಿಸಿರಬೇಕು. ಆದರೂ ಕಳಿಸಿದ್ದ.

ಲಿಂಗಂಪಲ್ಲಿಯ ಈ ಮನೆಯ ಅಡುಗೆಮನೆಯಲ್ಲಿ ಕೂತು ಚೀಲದ ಬಾಯಿ ಬಿಚ್ಚಿದೆ. ಹೊಸ ಜೋಳಕ್ಕೆ ಅದರದೇ ವಾಸನೆ ಇರುತ್ತದೆ. ಒಣಗಿದ ಹೊಟ್ಟು, ಬಿಸಿಲು, ಒಂದಿಷ್ಟು ದೂಳು. ಹಿತ್ತಾಳೆಯ ಸೇರನ್ನು ಚೀಲದೊಳಗೆ ಅದ್ದಿ ತುಂಬಿ ಮೇಲೆತ್ತಿದೆ. ಅದನ್ನು ಸುರಿಯುವ ಮುಂಚೆ ಹೇಳಬೇಕಾದ ಒಂದು ಮಾತಿದೆ. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಅದನ್ನು ಹೇಳುತ್ತಿದ್ದವರು ಅತ್ತೆ. ಅವರ ಮಗನೂ ಅದನ್ನೇ ಹೇಳುತ್ತಿದ್ದರು. ಅವರು ಅಳೆಯುತ್ತಿದ್ದದ್ದು ಮಾತ್ರ ಜೋಳವಲ್ಲ.

ಗುರುನಾಥ, ನನ್ನ ಗಂಡ, ತೀರಿಕೊಂಡ ಮರುವರ್ಷದ ಮಾತು, ಬಹಳ ಹಿಂದಿನದು. ಆಗ ಹೈದರಾಬಾದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ. ಮೆಟ್ರೋ ಇರಲಿಲ್ಲ. ಲಿಂಗಂಪಲ್ಲಿಯಿಂದ ಹೊರಡುವ ಲೋಕಲ್ ರೈಲೇ ಜನಕ್ಕೆ ಹೊಸದಾಗಿತ್ತು. ಮಿಯಾಪುರ ದಾಟಿದರೆ ಬಂಡೆ, ಸೀತಾಫಲದ ಗಿಡ, ಅವುಗಳ ನಡುವೆ ಒಂದು ದೊಡ್ಡ ಕೆರೆ. ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಗುರುನಾಥ, ಚಳಿಗಾಲದ ಪ್ರತಿ ಭಾನುವಾರ ಬೆಳಿಗ್ಗೆ ಆ ಕೆರೆಗೆ ಹೋಗಿ ಉತ್ತರದಿಂದ ವಲಸೆ ಬಂದ ಬಾತುಗಳನ್ನು ಎಣಿಸುತ್ತಿದ್ದರು. ಯಾರೂ ಹೇಳಿರಲಿಲ್ಲ, ಅವರಾಗಿಯೇ ಶುರುಮಾಡಿದ್ದು. ಎಣಿಕೆಯನ್ನು ಬೇಗಂಪೇಟೆಯ ಒಂದು ಸಂಶೋಧನಾ ಸಂಸ್ಥೆಗೆ ಕಳಿಸುತ್ತಿದ್ದರು.

ಕೆಲವು ಸಲ ನಾನೂ ಹೋಗುತ್ತಿದ್ದೆ. ಏರಿಯ ಮೇಲೆ ಫ್ಲಾಸ್ಕು ಹಿಡಿದು ಕೂತಿರುತ್ತಿದ್ದೆ. ಅವರು ದುರ್ಬೀನು ಕಣ್ಣಿಗೆ ಹಿಡಿದು, "ಲಾಭ" ಎನ್ನುತ್ತಿದ್ದರು. ಆಮೇಲಿನದೆಲ್ಲ ಬಾಯೊಳಗೇ, ಕೇಳಿಸುತ್ತಿರಲಿಲ್ಲ. ನನಗೆ ಆ ಮಾತಿನ ಅರ್ಥ ಒಂದೇ: ಎಣಿಕೆ ಶುರುವಾಯಿತು, ಇನ್ನು ಮಾತಾಡಬೇಡ. ನಮ್ಮ ಸೀಮೆಯಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವರು ಇಪ್ಪತ್ತು ಹಕ್ಕಿಗಳನ್ನು ಕಣ್ಣಂದಾಜಿನಲ್ಲಿ ಒಂದು ಅಳತೆ ಮಾಡಿಕೊಂಡು, ಅದಕ್ಕೆ 'ಒಂದು ಸೇರು' ಎಂದು ಹೆಸರಿಟ್ಟಿದ್ದರು. "ಇವತ್ತು ನಡುಗೆರಿಯೊಳಗ ಹತ್ತು ಸೇರು ಸೂಜಿಬಾಲದ ಬಾತು" ಎಂದು ಚಹಾ ಕುಡಿಯುತ್ತ ಹೇಳುತ್ತಿದ್ದರು.

ಕಾಮಾಲೆ ಎಂದು ಆಸ್ಪತ್ರೆಗೆ ಹೋದವರು ವಾಪಸಾಗಲಿಲ್ಲ. ಅದು ಮಳೆಗಾಲ. ಆ ಚಳಿಗಾಲದಲ್ಲಿ ಕೆರೆಗೆ ಅವರ ಬದಲು ನಸ್ರೀನ್ ಹೋದಳು. ಹಿಂದಿನ ವರ್ಷ ಅವರ ಜೊತೆ ಓಡಾಡಿ ಎಣಿಕೆ ಕಲಿತಿದ್ದ ಹುಡುಗಿ ಅವಳು, ಆ ಸಂಸ್ಥೆಯ ವಿದ್ಯಾರ್ಥಿನಿ.

ಮುಂದಿನ ಜೂನ್‌ನಲ್ಲಿ ನನಗೆ ಅದೇ ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಕೊಡಿಸಿದವರು ಅಲ್ಲಿನ ಹಿರಿಯ ವಿಜ್ಞಾನಿ ಕುಲಕರ್ಣಿಯವರು. ತಾತನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಮನೆತನ. ಹೊರಗೆ ತೆಲುಗು, ಸಭೆಯಲ್ಲಿ ಇಂಗ್ಲಿಷು, ನನ್ನ ಕೂಡ ಮಾತ್ರ ಕನ್ನಡ. ಹಳೆಯ ಮಳೆಯ ದಾಖಲೆ, ಕೆರೆಯ ನೀರಿನ ಮಟ್ಟ, ಹಕ್ಕಿಗಳ ಎಣಿಕೆ, ಈ ಮೂರನ್ನೂ ಕಂಪ್ಯೂಟರಿಗೆ ಏರಿಸಿ, ಮಳೆಗೂ ಹಕ್ಕಿಗೂ ಏನು ಸಂಬಂಧ ಎಂದು ನೋಡುವುದು ಯೋಜನೆ. ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಇಟ್ಟುಕೊಂಡು ಬಿಎಸ್ಸಿ ಮಾಡಿದ್ದೆ. ಅದಾಗಿ ಬಹಳ ವರ್ಷವಾಗಿತ್ತು, ಏನೂ ನೆನಪಿರಲಿಲ್ಲ.

"ಸರ್, ಅಮೀರ್‌ಪೇಟದಾಗ ಯಾವುದರ ಕೋರ್ಸ್ ಸೇರಲೇನ್ರಿ?" ಎಂದು ಮೊದಲ ವಾರವೇ ಕೇಳಿದೆ. ರೈಲಿನಿಂದ ಇಳಿದ ಕಡೆಯೆಲ್ಲ ಅಲ್ಲಿನ ಕೋಚಿಂಗ್ ಸೆಂಟರುಗಳ ಬೋರ್ಡು ಕಾಣುತ್ತಿದ್ದವು.

ಅವರು ನಕ್ಕರು. "ಅಮೀರ್‌ಪೇಟದಾಗ ಎಲ್ಲಾ ಕಲಸ್ತಾರ, ಇದೊಂದು ಬಿಟ್ಟು. ಮಧ್ಯಾಹ್ನ ಡಬ್ಬಿ ಉಂಡಮ್ಯಾಲೆ ಬರ್ರಿ. ನಾ ಹೇಳ್ತೀನಿ. ನಿದ್ದಿ ಬಂದ್ರ ನನ್ನ ತಪ್ಪಲ್ಲ."

ಹಾಗೆ ಆ ಮಳೆಗಾಲವೆಲ್ಲ ಕಾಲಸರಣಿ ಕಲಿತೆ. ಒಂದರ ಹಿಂದೊಂದು ದಿನ, ಒಂದರ ಹಿಂದೊಂದು ವರ್ಷ ಅಳೆದಿಟ್ಟ ಸಂಖ್ಯೆಗಳಿಗೆ ಆ ಹೆಸರು. ಕುಲಕರ್ಣಿಯವರು ಹಲಗೆಯ ಮೇಲೆ ಸೀಮೆಸುಣ್ಣದಿಂದ ಚುಕ್ಕೆ ಇಡುತ್ತ ಹೋಗುತ್ತಿದ್ದರು.

"ನೋಡ್ರಿ ಸುಮಿತ್ರಾಬಾಯಿ, ಬಿಎಸ್ಸಿಯೊಳಗ ನೀವು ಕಲ್ತಿದ್ದು ಡಬ್ಬಿಯೊಳಗ ಕೈ ಹಾಕಿ ಚೀಟಿ ಎತ್ತೋ ಲೆಕ್ಕ. ಚೀಟಿ ಎಷ್ಟು ಕಲಸಿದ್ರೂ ನಡೀತದ. ಇಲ್ಲಿ ಕಲಸಿದ್ರ ಕೆಟ್ಟಿತು. ಇವತ್ತಿನ ದಿನ ನಿನ್ನೆದನ್ನ ನೆನಪಿಟ್ಟಿರ್ತದ. ಆ ನೆನಪು ಎಷ್ಟು ದಿನ ಇರ್ತದ, ಅದನ್ನ ಮೊದಲು ಅಳೀರಿ."

ಅಳೆದೆ. ದಿನದ ಮಳೆಯ ನೆನಪು ಬಹಳ ಚಿಕ್ಕದು. ಇವತ್ತು ಸುರಿದದ್ದು ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಲೆಕ್ಕದಿಂದ ಅಳಿಸಿಹೋಗುತ್ತಿತ್ತು. ಕೆರೆಯ ನೀರಿನದು ಹಾಗಲ್ಲ. ಪರದೆಯ ಮೇಲೆ ಅದರ ನೆನಪನ್ನು ತೋರಿಸುವ ಕಡ್ಡಿಗೆರೆಗಳು ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಇಳಿಯುತ್ತ, ಇನ್ನೂ ಇಳಿಯುತ್ತ ಇರುತ್ತಿದ್ದವು. ಆ ಚಿತ್ರವನ್ನು ನೋಡುತ್ತ ಎಷ್ಟು ಹೊತ್ತು ಕೂತಿರುತ್ತಿದ್ದೆನೋ. ಮನೆಗೆ ಬಂದವರೆಲ್ಲ "ಕಾಲ ಕಳದ್ಹಂಗ ಕಡಿಮಿ ಆಕ್ಕೈತಿ" ಎಂದು ಹೇಳಿ ಹೋಗುತ್ತಿದ್ದ ದಿನಗಳು ಅವು. ಯಾರೂ ಎಷ್ಟು ಕಾಲ ಎಂದು ಹೇಳುತ್ತಿರಲಿಲ್ಲ.

ಋತುವನ್ನು ಕಳೆಯುವುದನ್ನೂ ಕಲಿತೆ. ಪ್ರತಿ ವರ್ಷ ಮಳೆ ಬಂದೇ ಬರುತ್ತದೆ, ಹಕ್ಕಿ ಬಂದೇ ಬರುತ್ತವೆ. ಆ ತಿರುಗಣಿಯನ್ನು ಲೆಕ್ಕದಿಂದ ತೆಗೆದರೆ ಮಾತ್ರ ಒಳಗಿನ ಏರಿಕೆ ಇಳಿಕೆ ಕಾಣುತ್ತದೆ. ಅಷ್ಟನ್ನೂ ತೆಗೆದ ಮೇಲೆ ತಳದಲ್ಲಿ ಏನೋ ಉಳಿಯುತ್ತದೆ. ಅದಕ್ಕೆ ಶೇಷ ಎನ್ನುತ್ತಾರೆ. ಹೀಗೆ ಕಟ್ಟಿದ ಲೆಕ್ಕಕ್ಕೆ ಮಾದರಿ ಎಂದು ಹೆಸರು; ಒಳ್ಳೆಯ ಮಾದರಿಯ ಶೇಷದಲ್ಲಿ ಯಾವ ಆಕಾರವೂ ಇರಬಾರದು. ಆಕಾರ ಕಂಡರೆ ನಿಮಗೆ ಗೊತ್ತಿಲ್ಲದ್ದು ಇನ್ನೂ ಏನೋ ಇದೆ ಎಂದರ್ಥ.

ಸಂಜೆ ರೈಲಿನಲ್ಲಿ ಯಾರ ಜೊತೆಯೂ ಮಾತಿರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ದೀಪ ಹಚ್ಚಿ ಬಾಗಿಲಲ್ಲಿ ಕೂತಿರುತ್ತಿದ್ದರು. ಮಗ ಹೋದ ಮೇಲೆ ಊರಿಗೆ ಹೋಗಿರಿ ಎಂದರೆ, "ಅಲ್ಲಿ ಹೋದ್ರ ಎಲ್ಲಾರೂ ಅಳಸ್ತಾರ. ಇಲ್ಲಿ ನೀ ಸುಮ್ಮ ಇರ್ತಿ, ನಂಗ ಅದ ಬೇಕು" ಎಂದಿದ್ದರು. ಅವರ ಬಾಯಿ ಮಾತ್ರ ಆಗಾಗ ತಡೆಯುತ್ತಿರಲಿಲ್ಲ.

"ಏನ್ ಕೆಲಸ ಬೇ ಅದು? ನನ್ನ ಮಗ ಹಕ್ಕಿ ಎಣಿಸಿದ. ಈಗ ನೀ ಅವನ ಎಣಿಕಿ ಎಣಸಾಕತ್ತಿ. ನಾಳೆ ನಿನ್ನ ಎಣಸಾಕ ಯಾರ್ ಬರ್ತಾರ?"

"ಯಾರೂ ಬರಂಗಿಲ್ರಿ ಅತ್ತಿ" ಎಂದೆ. ಇಬ್ಬರಿಗೂ ನಗು ಬಂತು, ಆಮೇಲೆ ನಿಂತಿತು.

ನವೆಂಬರ್‌ನಲ್ಲಿ ಮಂಜು ಬೀಳತೊಡಗಿದಾಗ ಹಕ್ಕಿಗಳ ಸರಣಿಗೆ ಬಂದೆವು. ಪರದೆಯ ಮೇಲೆ ಗುರುನಾಥರ ವರ್ಷಗಳೆಲ್ಲ ಮೇಲೆ ಸಾಲಾಗಿದ್ದವು. ಅವರು ಹೋದ ಮೇಲಿನ ಚಳಿಗಾಲ ಒಮ್ಮೆಲೇ ಅರ್ಧಕ್ಕೆ ಕುಸಿದಿತ್ತು. ಮಳೆಯೇನೂ ಅಷ್ಟು ಕಡಿಮೆಯಾಗಿರಲಿಲ್ಲ. ಕುಲಕರ್ಣಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಿಮಗ ಹೇಳ್ಲಿಕ್ಕೆ ನನಗ ಭಾಳ ಕಷ್ಟ ಆಗ್ಲಿಕ್ಕತ್ತದ. ಎಣಿಸೋರು ಬದಲಾದ ವರ್ಷನ ಎಣಿಕಿ ಬಿದ್ದದ. ಅಂದ್ರ ಹಕ್ಕಿ ಕಡಿಮಿ ಆಗ್ಯಾವೋ, ಎಣಿಸೋ ಕಣ್ಣು ಬದಲಾಗೇದೋ, ಗೊತ್ತಾಗೂದಿಲ್ಲ. ಗುರುನಾಥರಾವ್‌ಗೆ ಆ ಕೆರಿ ಮ್ಯಾಲೆ ಪ್ರೀತಿ ಇತ್ತು. ಪ್ರೀತಿ ಇದ್ದವರು ಸ್ವಲ್ಪ ಹೆಚ್ಚಿಗೆ ಎಣಿಸ್ತಾರ. ಅದು ಸುಳ್ಳಲ್ಲ, ಅದು ಆಗ್ತದ. ವರದಿಯೊಳಗಿಂದ ಅವರ ವರ್ಷಗಳನ್ನ ಬಿಡಬೇಕಾಗ್ತದ."

"ಅವರು ಹಂಗ ಹೆಚ್ಚಿಗಿ ಹೇಳೋರಲ್ರಿ, ಸರ್."

"ನನಗೂ ಗೊತ್ತದ. ಆದ್ರ ನೀವು ಹೇಳಿದ್ರ, ನಾ ಹೇಳಿದ್ರ ಆಗೂದಿಲ್ಲ. ಲೆಕ್ಕ ಹೇಳಬೇಕು. ಫೆಬ್ರವರಿ ಕೊನಿಗೆ ವರದಿ. ಅಷ್ಟರೊಳಗ ಹೇಳಸ್ರಿ."

ಆ ಸಂಜೆ ರೈಲು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಅವರು ಬಿಟ್ಟುಹೋದದ್ದು ಹೆಚ್ಚೇನೂ ಇರಲಿಲ್ಲ. ಮಕ್ಕಳಿಲ್ಲ. ಬಟ್ಟೆಗಳನ್ನು ಕೊಟ್ಟುಬಿಟ್ಟಿದ್ದೆವು. ಉಳಿದದ್ದೆಂದರೆ ಆ ಭಾನುವಾರಗಳು. ಅವನ್ನೂ ತೆಗೆದರೆ, ಅಷ್ಟು ವರ್ಷ ಒಬ್ಬ ಮನುಷ್ಯ ಚಳಿಯಲ್ಲಿ ಎದ್ದು ಹೋಗಿ ನೋಡಿದ್ದು ಎಲ್ಲಿಯೂ ಇರುವುದಿಲ್ಲ.

ಮರುದಿನ ಮಧ್ಯಾಹ್ನ ಕುಲಕರ್ಣಿಯವರು ಏನೂ ಆಗಿಲ್ಲವೆಂಬಂತೆ ಹೊಸ ಪಾಠ ಶುರುಮಾಡಿದರು. ಹಲಗೆಯ ಮೇಲೆ ಎರಡು ಗೆರೆ ಎಳೆದರು. ಕೆಳಗಿನದು ಕೆರೆಯಲ್ಲಿ ನಿಜವಾಗಿ ಇರುವ ಹಕ್ಕಿ. ಮೇಲಿನದು ನಮಗೆ ಸಿಕ್ಕ ಎಣಿಕೆ.

"ಕೆಳಗಿನ ಗೆರಿ ನಮಗ ಎಂದೂ ಕಾಣೂದಿಲ್ಲ. ಮ್ಯಾಲಿಂದು ನೋಡಿ ಕೆಳಗಿಂದನ್ನ ಊಹಿಸಬೇಕು. ನಡುವ ಎಣಿಸೋ ಮನುಷ್ಯ ಇರ್ತಾನ. ಒಬ್ಬೊಬ್ಬ ಮನುಷ್ಯಗ ಒಂದೊಂದು ಪದ, ಅಂದ್ರ ಒಂದೊಂದು ಸಂಖ್ಯೆ, ಹಾಕ್ರಿ ಮಾದರಿಯೊಳಗ. ಅವನಿಂದ ಎಷ್ಟು ಹೆಚ್ಚು, ಎಷ್ಟು ಕಡಿಮಿ, ಅದ ಹೇಳ್ತದ. ಆದ್ರ ಇಬ್ಬರೂ ಒಂದ ದಿನ, ಒಂದ ಕೆರಿ ಎಣಿಸಿದ್ದು ಬೇಕು. ಅದು ಎಲ್ಲದ?"

ಅದು ನಸ್ರೀನ್ ಹತ್ತಿರ ಇತ್ತು. ಡಿಸೆಂಬರಿನ ಒಂದು ಭಾನುವಾರ ಅವಳ ಜೊತೆ ಕೆರೆಗೆ ಹೋದೆ. ಗುರುನಾಥರು ಹೋದ ಮೇಲೆ ಅದೇ ಮೊದಲು. ಏರಿಯ ಆ ಬದಿಗೆ ಟಿಪ್ಪರುಗಳು ಮಣ್ಣು ಸುರಿಯುತ್ತಿದ್ದವು. ಗುರುನಾಥರ ಕೂಡ ಎಣಿಸಿದ ಹಾಳೆಗಳು ಇವೆಯೇ ಎಂದು ಕೇಳಿದೆ.

"ಹೌ ಭಾಭಿ, ಹೈ ನಾ. ಪನ್ ಗಲತ್ ಹೈ ಸಬ್" ಎಂದಳು, ಎಲ್ಲ ತಪ್ಪು ಎಂದು. ಆ ಚಳಿಗಾಲವೆಲ್ಲ ಅವಳ ಎಣಿಕೆ ಗುರುನಾಥ ಸರ್ ಎಣಿಕೆಗಿಂತ ಹೆಚ್ಚೇ ಬರುತ್ತಿತ್ತಂತೆ. ಕಲಿಯುವವಳು ತಾನು, ತಪ್ಪು ತನ್ನದೇ ಎಂದುಕೊಂಡು ಹಾಳೆಗಳನ್ನು ಸಂಸ್ಥೆಗೆ ಕೊಟ್ಟೇ ಇರಲಿಲ್ಲ.

"ಸರ್ ಏನಂದರು?"

"ಕುಚ್ ನಹೀ ಬೋಲೆ. ಹಸ್ತೆ ಥೆ ಬಸ್. ತೇರಿ ಆಂಖೇ ಜವಾನ್ ಹೈ ಬೋಲ್ತೆ ಥೆ." ನಿನ್ನ ಕಣ್ಣು ಹರೆಯದವು ಎಂದು ನಗುತ್ತಿದ್ದರಂತೆ. ಅವಳು ಅದನ್ನು ಹೇಳುವಾಗ ಅವರ ನಗು ನನಗೆ ಕೇಳಿಸಿದ ಹಾಗಾಯಿತು. ನಾನು ನೀರಿನ ಕಡೆ ನೋಡಿದೆ.

ಜನವರಿಯೆಲ್ಲ ಆ ಹಾಳೆಗಳನ್ನು ಏರಿಸಿ ಮಾದರಿ ಕಟ್ಟಿದೆ, ಕೆಡವಿದೆ, ಮತ್ತೆ ಕಟ್ಟಿದೆ. ಕೊನೆಗೆ ಗುರುನಾಥರ ಪದ ಬಂತು. ಅದರ ಮುಂದೆ ಕಳೆಯುವ ಗುರುತು ಇತ್ತು. ಅವರು ಹೆಚ್ಚು ಎಣಿಸಿರಲಿಲ್ಲ. ಕಡಿಮೆ ಎಣಿಸಿದ್ದರು, ಪ್ರತಿ ಭಾನುವಾರ ಸುಮಾರು ಅರವತ್ತು ಹಕ್ಕಿ.

ಕುಲಕರ್ಣಿಯವರು ಪರದೆಯ ಹತ್ತಿರ ಮುಖ ತಂದು ನೋಡಿದರು. "ಇದು ವಿಚಿತ್ರ ಅದ. ಕಣ್ಣು ಮಂದ ಆಗಿದ್ರ ಹಕ್ಕಿ ಹೆಚ್ಚಿದ್ದ ದಿನ ಹೆಚ್ಚು ತಪ್ಪಬೇಕು, ಕಡಿಮಿ ಇದ್ದ ದಿನ ಕಡಿಮಿ. ಇವರದು ಯಾವಾಗ ನೋಡಿದ್ರೂ ಅಷ್ಟ. ಕಾರಣ ಇಲ್ಲದ ಈ ಸಂಖ್ಯೆ ಹಿಡಕೊಂಡು ಹೋದ್ರ ವರದಿ ಓದೋರು ನಂಬೂದಿಲ್ಲ. ಯಾಕ ಅಂತ ಹೇಳ್ರಿ."

ಯಾಕೆ ಎಂದು ಹೇಳಬಹುದಾಗಿದ್ದವರು ಒಬ್ಬರೇ. ಅವರು ಇರಲಿಲ್ಲ.

ಫೆಬ್ರವರಿಯಲ್ಲಿ ಊರಿನಿಂದ ಹೊಸ ಜೋಳ ಬಂತು. ಗುರುನಾಥರು ಹೋದ ಮೇಲೆ ಬಂದ ಮೊದಲ ರಾಶಿಯ ಜೋಳ ಅದು. ಅದಕ್ಕೂ ಹಿಂದಿನ ವರ್ಷದ ಮಳೆಗಾಲದಲ್ಲಿ ಹೊಲ ಬಿತ್ತುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು, ಆ ವರ್ಷ ಯಾರೂ ಬಿತ್ತಿರಲಿಲ್ಲ. ನಾನು ಕೆಲಸದಿಂದ ಬಂದು ಚಹಾ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಅತ್ತೆ ಚೀಲ ಬಿಚ್ಚಿ ಸೇರು ತುಂಬಿದರು.

"ಲಾಭ" ಎಂದು, ಆ ಸೇರನ್ನು ಡಬ್ಬಿಗೆ ಸುರಿಯದೆ ಪಕ್ಕದ ತಟ್ಟೆಗೆ ಸುರಿದರು. ಆಮೇಲೆ ಡಬ್ಬಿಗೆ ಹಾಕುತ್ತ, "ಒಂದ... ಎರಡ... ಮೂರ..."

ಮದುವೆಯಾದ ಹೊಸದರಲ್ಲಿ ಇದರ ಮೇಲೆ ನಾವು ಬಹಳ ನಕ್ಕಿದ್ದೆವು. ನಮ್ಮ ತಂದೆ ಕಲಬುರಗಿಯ ಗಂಜಿನಲ್ಲಿ, ಕಾಳಿನ ಮಾರುಕಟ್ಟೆಯಲ್ಲಿ, ಗುಮಾಸ್ತರಾಗಿದ್ದವರು. ಅಲ್ಲಿ ಲಾಭ ಎಂದರೇ ಒಂದು, ಅದರ ಮುಂದಿನದು ಎರಡು. ಒಕ್ಕಲುತನದ ಇವರ ಮನೆಯಲ್ಲಿ ಕಣದ ರಾಶಿ ಅಳೆಯುವಾಗ ಮೊದಲ ಸೇರು ದೇವರ ಪಾಲು. ಅದನ್ನು ಲಾಭ ಎಂದು ಬದಿಗಿಟ್ಟು, ಲೆಕ್ಕಕ್ಕೆ ಹಿಡಿಯದೆ, ಎರಡನೆಯ ಸೇರಿನಿಂದ ಒಂದು ಎಂದು ಶುರುಮಾಡುತ್ತಾರೆ. ಆಗ ನಾನು, "ನಿಮ್ಮ ಮನಿಯೊಳಗ ಲೆಕ್ಕಾನ ಬರಂಗಿಲ್ಲ" ಎಂದು ಗುರುನಾಥರನ್ನು ಕಾಡಿದ್ದೆ. "ನಿಮ್ಮ ಗಂಜಿನವರು ದೇವರ ಪಾಲೂ ಮಾರ್ಕೋತೀರಿ" ಎಂದು ಅವರು ತಿರುಗಿಸಿ ಕೊಟ್ಟಿದ್ದರು.

ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು. ಇಪ್ಪತ್ತು ಹಕ್ಕಿಗೆ ಒಂದು ಸೇರು. ಕೆರೆಯನ್ನು ಅವರು ಏರಿಯ ಬದಿ, ನಡುಗೆರೆ, ಜಂಬುಹುಲ್ಲಿನ ಬದಿ ಎಂದು ಮೂರು ಭಾಗ ಮಾಡಿಕೊಂಡಿದ್ದರು. ಮೂರು ಸಲ ಲಾಭ. ಮೂರು ಇಪ್ಪತ್ತಲಿ ಅರವತ್ತು.

"ಏನಾತು ಬೇ? ಹಂಗ್ಯಾಕ ನೋಡಾಕತ್ತಿ?" ಎಂದರು ಅತ್ತೆ.

"ಅತ್ತಿ, ಇವರೂ ಹಿಂಗ ಅಳೀತಿದ್ರೇನ್ರಿ?"

"ಮತ್ತ? ಸಣ್ಣಾವ ಇದ್ದಾಗ ಕಣದಾಗ ಅವನ ಕೈಲೇ ಲಾಭ ಹಾಕಸ್ತಿದ್ರು. ಗೋಲಿ ಎಣಿಸೂ ಮುಂದೂ ಲಾಭ ಅಂತ ಒಂದ್ ಗೋಲಿ ಸೈಡಿಗಿಡ್ತಿದ್ದ, ಖೋಡಿ" ಎಂದು ಅವರು ಸೇರು ಎತ್ತಿದವರು ಅಲ್ಲಿಗೇ ನಿಲ್ಲಿಸಿದರು. ಎಷ್ಟನೆಯದು ಎಂಬುದು ತಪ್ಪಿಹೋಗಿತ್ತು. ನಾನು ಅವರ ಪಕ್ಕ ಹೋಗಿ ಕೂತೆ. ಅವರು ಮತ್ತೆ ಮೊದಲಿನಿಂದ ಅಳೆದರು.

ಆದರೂ ಬರೀ ಊಹೆಯಾದೀತು ಎಂದು ನಸ್ರೀನಳನ್ನು ಕೇಳಿದೆ. ಸರ್ ಲಾಭ ಎಂದಮೇಲೆ ಏನು ಮಾಡುತ್ತಿದ್ದರು? ಅವಳು ಎಡಗೈ ಮುಂದೆ ಚಾಚಿ ಮಾಡಿ ತೋರಿಸಿದಳು. ಲಾಭ ಎಂದಾಗ ಬೆರಳುಗಳೆಲ್ಲ ಬಿಚ್ಚಿಯೇ ಇರುತ್ತಿದ್ದವಂತೆ. ದುರ್ಬೀನು ಒಂದಿಷ್ಟು ಬಲಕ್ಕೆ ಸರಿದ ಮೇಲೆ ಮೊದಲ ಬೆರಳು ಮಡಚುತ್ತಿದ್ದರಂತೆ. ಅವರಿಗೆ ಗೊತ್ತೇ ಇದ್ದಿರಲಿಕ್ಕಿಲ್ಲ. ಬಾಯಿ ಲಾಭ ಎನ್ನುವಷ್ಟರಲ್ಲಿ ಕಣ್ಣು ಮೊದಲ ಇಪ್ಪತ್ತನ್ನು ದಾಟಿರುತ್ತಿತ್ತು.

ಕುಲಕರ್ಣಿಯವರಿಗೆ ಹೇಳಿದಾಗ ಅವರು ಮೊದಲು ಜೋರಾಗಿ ನಕ್ಕರು. "ದೇವರ ಪಾಲು! ಹನ್ನೊಂದು ವರ್ಷ ದೇವರಿಗೆ ಬಾತುಕೋಳಿ ಬಿಟ್ಟುಕೊಟ್ಟಾನ ನಿಮ್ಮ ಗಂಡ!" ಆಮೇಲೆ ನಗು ಇಳಿಯಿತು. ಹಲಗೆಯ ಮೇಲಿನ ಎರಡು ಗೆರೆ ಇನ್ನೂ ಅಳಿಸದೆ ಹಾಗೇ ಇದ್ದವು. ಅವರು ಸೀಮೆಸುಣ್ಣ ತೆಗೆದುಕೊಂಡು ಕೆಳಗಿನ ಗೆರೆಯನ್ನು, ಗುರುನಾಥರ ವರ್ಷಗಳಿದ್ದ ಕಡೆ, ಇನ್ನೊಂದಿಷ್ಟು ಮೇಲಕ್ಕೆ ಎಳೆದರು. ನಸ್ರೀನ್ ಎಣಿಸಿದ ಕೊನೆಯ ತುದಿಯನ್ನು ಮುಟ್ಟಲಿಲ್ಲ.

"ಅಂದ್ರ ಇಳಿತ ನಾವು ತಿಳಕೊಂಡಿದ್ದಕ್ಕಿಂತ ಜಾಸ್ತಿ ಅದ" ಎಂದರು.

ನಾನು ಅದನ್ನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಮೂರು ತಿಂಗಳು ನನಗೆ ಬೇಕಾಗಿದ್ದದ್ದು ಒಂದೇ, ಅವರ ಎಣಿಕೆ ಅಳಿಯದೆ ನಿಲ್ಲಬೇಕು. ನಿಂತಿತು. ಅವರ ಎಣಿಕೆ ನಿಜವಾದರೆ ಹಕ್ಕಿಗಳು ಹೋದದ್ದೂ ನಿಜ. ಅವರು ಪ್ರೀತಿಯಿಂದ ಹೆಚ್ಚು ಎಣಿಸಿದ್ದರೆ ಕುಸಿತ ಬರೀ ಲೆಕ್ಕದ್ದಾಗಿ, ಕೆರೆಯಾದರೂ ಉಳಿಯುತ್ತಿತ್ತು.

"ಹಳೇ ಸಂಖ್ಯೆಗೆ ಅರವತ್ತು ಕೂಡಿಸಿ ತಿದ್ದಬೇಕೇನ್ರಿ, ಸರ್?"

"ನೀವು ಹೇಳ್ರಿ."

"ಬ್ಯಾಡ್ರಿ. ಅವರು ಬರದದ್ದು ಅವರು ಬರದ್ಹಂಗ ಇರ್ಲಿ. ಮಾದರಿಯೊಳಗ ಅವರ ಪದ ಅದ ಅಲ್ಲ, ಅದ ನೋಡ್ಕೋತದ."

ಹಾಗೆಯೇ ವರದಿ ಹೋಯಿತು. ಅದರಿಂದ ಟಿಪ್ಪರುಗಳೇನೂ ನಿಲ್ಲಲಿಲ್ಲ. ನನ್ನ ಕೆಲಸ ಮುಂದುವರಿಯಿತು. ಬೇರೆ ಕೆರೆ, ಬೇರೆ ಮಳೆ, ಬೇರೆಯವರ ಎಣಿಕೆ. ಎಷ್ಟೋ ಮನುಷ್ಯರಿಗೆ ಒಂದೊಂದು ಪದ ಹಾಕಿದ್ದೇನೆ ಆಮೇಲೆ. ಪ್ರತಿಯೊಂದು ಬಂದಾಗಲೂ, ಇವರ ಮನೆಯಲ್ಲಿ ಏನೆಂದು ಎಣಿಸುತ್ತಾರೋ ಅಂದುಕೊಳ್ಳುತ್ತೇನೆ. ಮನೆಯಲ್ಲಿ ಅತ್ತೆ ಪ್ರತಿ ಫೆಬ್ರವರಿ ಜೋಳ ಅಳೆದರು, ನಾನು ಹೊಸ್ತಿಲಲ್ಲಿ ಕೂತು ಕೇಳಿದೆ. ಆ ಮಾತು ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿಸುತ್ತಿತ್ತು. ಇನ್ನು ಅದನ್ನು ನಾನೇ ಹೇಳಬೇಕು.

ತುಂಬಿದ ಸೇರನ್ನು ಚೀಲದೊಳಕ್ಕೇ ಬಗ್ಗಿಸಿ ಎದ್ದೆ. ಮರುದಿನ ಭಾನುವಾರ. ಬೆಳಿಗ್ಗೆ ಬೇಗ ಅವರ ದುರ್ಬೀನು ತೆಗೆದುಕೊಂಡು ಆಟೋ ಹತ್ತಿ, ಮಿಯಾಪುರದ ಮೆಟ್ರೋ ಕಂಬಗಳನ್ನು ದಾಟಿ ಕೆರೆಗೆ ಹೋದೆ. ಜಂಬುಹುಲ್ಲಿದ್ದ ಬದಿಯಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಡುಗೆರೆಯನ್ನು ಅಂತರಗಂಗೆಯ ಕಳೆ ಮುಚ್ಚಿದೆ. ಕೊಳೆತ ನೀರಿನ ವಾಸನೆಗೆ ಮೂಗು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಏರಿಯ ಮೇಲೆ ಸಿಮೆಂಟಿನ ಬೆಂಚು ಹಾಕಿದ್ದಾರೆ. ಅಲ್ಲಿ ಕೂತೆ.

ಏರಿಯ ಬದಿಗೆ, ಇನ್ನೂ ತೆರೆದಿದ್ದ ಒಂದಿಷ್ಟು ನೀರಿನಲ್ಲಿ, ಸೂಜಿಬಾಲದ ಬಾತುಗಳ ಒಂದು ಗುಂಪು ಇತ್ತು. ಇಪ್ಪತ್ತು ಇರಬಹುದು. ದುರ್ಬೀನು ಕಣ್ಣಿಗೆ ಹಿಡಿದೆ.

"ಲಾಭ" ಎಂದೆ. ಮಾತು ಬಂತು.

ದುರ್ಬೀನನ್ನು ಬಲಕ್ಕೆ ಸರಿಸಿದೆ. ಅಲ್ಲಿ ಬರೀ ನೀರು, ಅದರಾಚೆ ಅಂತರಗಂಗೆಯ ಹಸಿರು. ಎಡಗೈ ಬಿಚ್ಚಿಯೇ ಇತ್ತು. ನಮ್ಮ ತಂದೆಯ ಲೆಕ್ಕದಲ್ಲಿ ಒಂದು ಆಗಿಹೋಗಿತ್ತು, ಅಲ್ಲಿಗೇ ಎದ್ದು ಬರಬಹುದಿತ್ತು. ಗುರುನಾಥರ ಲೆಕ್ಕದಲ್ಲಿ ಇನ್ನೂ ಒಂದೂ ಆಗಿರಲಿಲ್ಲ, ನಾನು ಏಳಲಿಲ್ಲ. ಬಿಸಿಲು ಏರುವ ತನಕ ದುರ್ಬೀನು ಇಳಿಸದೆ, ಒಂದು ಬರಲಿ ಎಂದು ಕಾಯುತ್ತ ಕೂತೆ.